ಶೀಟು ಗೋಡೆಗೆ ತಾಗುವ ಕಡೆ ಸೋರುತ್ತಿದೆಯಾ? ಫ್ಲ್ಯಾಶಿಂಗ್ ಹೀಗೆ ಹಾಕಿ

ಮನೆ ಹಿಂದೆ ಬಚ್ಚಲಿಗೋ ಸೌದೆಗೋ ಅಂತ ಗೋಡೆಗೆ ತಾಗಿಸಿ ಶೀಟಿನ ಮಾಡು ಇಳಿಸಿದ್ದೀರಾ? ಜೂನ್ ಮಳೆ ಹಿಡಿದ ಕೂಡಲೇ ಮೊದಲು ಸೋರುವುದು ಶೀಟಲ್ಲ, ಶೀಟು ಗೋಡೆ ಸೇರುವ ಸಂದು. ನಾವು ಮೂರು ವರ್ಷ ಅಲ್ಲಿ ಸಿಮೆಂಟ್ ಮೆತ್ತಿದೆವು. ಶೀಟು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಸಿಮೆಂಟ್ ಅದರ ಜೊತೆ ಬಗ್ಗುವುದಿಲ್ಲ. ಪ್ರತಿ ಮೇ ತಿಂಗಳಲ್ಲೂ ಉಗುರು ತೂರುವಷ್ಟು ಬಿರುಕು. ಒಳಗೆ ಬಣ್ಣ ಗುಳ್ಳೆ ಎದ್ದು, ಬೆರಳಿಟ್ಟರೆ ಗಾರೆ ಒದ್ದೆ ಹಿಟ್ಟಿನ ಹಾಗೆ ಉದುರುತ್ತಿತ್ತು.

ಅಲ್ಲಿಗೆ ಬೇಕಿರುವುದು ಫ್ಲ್ಯಾಶಿಂಗ್. ಅಂದರೆ ಗೋಡೆ ಮೇಲಿನ ನೀರನ್ನು ಶೀಟಿನ ಮೇಲಕ್ಕೆ ದಾಟಿಸುವ ಬಗ್ಗಿಸಿದ ತಗಡು. 0.5 ಮಿ.ಮೀ. ಕಲರ್ ಕೋಟೆಡ್ ತಗಡು ಸಾಕು. ಬೆಂಡಿಂಗ್ ಮಷೀನ್ ಇರುವ ಕಡೆ ಮಾಡಿನ ಇಳಿಜಾರು ಹೇಳಿದರೆ ಬಗ್ಗಿಸಿಕೊಡುತ್ತಾರೆ. ಗೋಡೆ ಮೇಲೆ 6 ಇಂಚು, ಶೀಟ್ ಮೇಲೆ 8 ಇಂಚಾದರೂ ಇರಲಿ, ಮೇಲ್ತುದಿಯನ್ನು 1 ಇಂಚು ಗೋಡೆ ಕಡೆಗೆ ಮಡಚಿಸಿ.

ಈ 1 ಇಂಚೇ ಮುಖ್ಯ. ತುಂಬಾ ಜನ ತಗಡನ್ನು ಗೋಡೆಗೆ ಒತ್ತಿ, ಸ್ಕ್ರೂ ಹೊಡೆದು, ಮೇಲೆ ಸಿಲಿಕಾನ್ ಎಳೆದು ಮುಗಿಸುತ್ತಾರೆ. ಸಿಲಿಕಾನ್ ಎದ್ದ ದಿನ ನೀರು ತಗಡಿನ ಹಿಂದಿನಿಂದಲೇ ಇಳಿಯುತ್ತದೆ ಅಲ್ವಾ? ಅದಕ್ಕೇ ಗ್ರೈಂಡರಿನಿಂದ ಗೋಡೆಯಲ್ಲಿ ಒಂದಿಂಚಿಗಿಂತ ಸ್ವಲ್ಪ ಜಾಸ್ತಿ ಆಳಕ್ಕೆ ಸಪೂರ ಗ್ರೂವ್ ಕೊಯ್ಯಿರಿ, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಧೂಳನ್ನು ಬ್ರಷ್‌ನಲ್ಲಿ ಪೂರ್ತಿ ತೆಗೆಯಿರಿ. ಮಡಿಕೆಯನ್ನು ಗ್ರೂವ್ ಒಳಗೆ ತೂರಿಸಿ, ಒಂದೂವರೆ ಅಡಿಗೊಂದರಂತೆ ಮಡಚಿದ ತಗಡಿನ ಚೂರು ಬಡಿದು ಬಿಗಿ ಮಾಡಿ, ಉಳಿದ ಸಂದಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್, ಅಂದರೆ ಒಣಗಿದ ಮೇಲೂ ರಬ್ಬರಿನ ಹಾಗೆ ಬಗ್ಗುವ ಅಂಟು, ತುಂಬಿ. ಸಿಮೆಂಟ್ ಬೇಡ.

ಇಳಿಜಾರಿನ ಪಕ್ಕದ ಗೋಡೆಯಾದರೆ ಕೆಳಗಿನ ತುಂಡಿನಿಂದ ಶುರು ಮಾಡಿ, ಮೇಲಿನದು ಕೆಳಗಿನದರ ಮೇಲೆ 6 ಇಂಚು ಕೂರಬೇಕು, ಹೆಂಚು ಹೊದಿಸಿದ ಹಾಗೆ. ಶೀಟಿನ ಕಡೆ ಸ್ಕ್ರೂ ಯಾವಾಗಲೂ ಉಬ್ಬಿನ ಮೇಲೆ, ರಬ್ಬರ್ ವಾಷರ್ ಜೊತೆ. ತಗ್ಗಿನಲ್ಲಿ ಹೊಡೆದರೆ ನೀರು ಹರಿಯುವ ದಾರಿಯಲ್ಲೇ ತೂತು ಮಾಡಿದಂತೆ.

ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಅದನ್ನು ನೀವೇ ಕೊಯ್ಯಲು, ಕೊರೆಯಲು ಹೋಗಬೇಡಿ. ಮೇಲೆ ಕಾಲೂ ಇಡಬೇಡಿ, ಮುರಿದುಹೋಗುತ್ತದೆ.

ಕೆಲಸ ಏಪ್ರಿಲ್‌ನಲ್ಲೇ ಮುಗಿಸಿ, ಒದ್ದೆ ಗೋಡೆಗೆ ಸೀಲೆಂಟ್ ಸರಿಯಾಗಿ ಹಿಡಿಯುವುದಿಲ್ಲ. ಸೀಲೆಂಟ್ ಒಣಗಿದ ಮೇಲೆ ಒಬ್ಬರನ್ನು ಒಳಗೆ ಟಾರ್ಚ್ ಹಿಡಿದು ನಿಲ್ಲಿಸಿ, ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ, ಒಂದೊಂದು ಕಡೆ ಐದು ನಿಮಿಷ ಬಿಟ್ಟು ಮೇಲಕ್ಕೆ ಹೋಗಿ. ಒಳಗಿನವರು "ಹನಿ ಬಂತು" ಅಂದಾಗ ಪೈಪು ಎಲ್ಲಿದೆಯೋ ಅಲ್ಲಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ.