ಜರ್ಮನಿಯಲ್ಲಿ ಕೆಲಸ ಹೋದಾಗ: ನಿರುದ್ಯೋಗ ಹಣ, ಕಡ್ಡಾಯ ತರಬೇತಿ (ಮಾಸ್‌ನಾಮೆ) ಮತ್ತು ನಿಮ್ಮ ಹಕ್ಕು

ಜರ್ಮನಿಯಲ್ಲಿ ಕೆಲಸ ಹೋದ ಎಷ್ಟೋ ಕನ್ನಡಿಗರು ಸರ್ಕಾರಿ ಉದ್ಯೋಗ ಕಚೇರಿಯಾದ ಅರ್ಬೈಟ್ಸ್‌ಆಗೆಂಟೂರ್ ಬಾಗಿಲಿಗೇ ಹೋಗುವುದಿಲ್ಲ. ಸರ್ಕಾರದ ದುಡ್ಡಿಗೆ ಕೈಚಾಚುವುದಾ ಅನ್ನುವ ಸಂಕೋಚ ಒಂದು ಕಡೆ, ವೀಸಾಗೆ ಪೆಟ್ಟು ಬೀಳುತ್ತದೆ ಅನ್ನುವ ಭಯ ಇನ್ನೊಂದು ಕಡೆ. ಕೆಲವರು ಹೋಗಿ ಹೆಸರು ಬರೆಸುತ್ತಾರೆ, ಆದರೆ 'ಈ ತರಬೇತಿಗೆ ನೀವು ಬರಲೇಬೇಕು' ಎಂಬ ಪತ್ರ ಬಂದ ಕೂಡಲೇ ಗಾಬರಿಯಾಗಿ ಉತ್ತರವನ್ನೇ ಕೊಡದೆ ಸುಮ್ಮನಾಗಿಬಿಡುತ್ತಾರೆ. ನನ್ನ ಕಣ್ಣೆದುರಿಗೇ ಒಳ್ಳೊಳ್ಳೆಯವರು ದುಡ್ಡು ಕಳೆದುಕೊಂಡಿದ್ದು ಹೀಗೆ ಸುಮ್ಮನಾಗಿದ್ದರಿಂದ. ಬಾಯಿಬಿಟ್ಟು ಕೇಳಿದವರಿಗೆ ಈ ವ್ಯವಸ್ಥೆ ಸಾಕಷ್ಟು ಕೊಡುತ್ತದೆ.

ಮೊದಲು ಸಂಕೋಚದ ವಿಷಯ. ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. ನಿರುದ್ಯೋಗ ವಿಮೆಗೆ ಪ್ರತಿ ತಿಂಗಳೂ ದುಡ್ಡು ಕಟ್ ಆಗಿರುತ್ತದೆ. ಸಂಬಳದ 2.6%, ಅದರಲ್ಲಿ ಅರ್ಧ ನಿಮ್ಮದು, ಅರ್ಧ ಕಂಪನಿಯದು. ಅಂದರೆ ಇದು ನೀವೇ ಕಂತು ಕಟ್ಟಿದ ವಿಮೆ. ಕಳೆದ 30 ತಿಂಗಳಲ್ಲಿ ಒಟ್ಟು 12 ತಿಂಗಳು ಕಟ್ಟಿದ್ದರೆ ಹಕ್ಕು ಹುಟ್ಟುತ್ತದೆ. ಕೈಗೆ ಬರುತ್ತಿದ್ದ ಸಂಬಳದ ಸುಮಾರು 60% ಸಿಗುತ್ತದೆ, ಮಕ್ಕಳಿದ್ದರೆ 67%. 12 ತಿಂಗಳು ಕಟ್ಟಿದವರಿಗೆ 6 ತಿಂಗಳು, 24 ತಿಂಗಳು ಕಟ್ಟಿದವರಿಗೆ 12 ತಿಂಗಳು. 50 ದಾಟಿದವರು ಹೆಚ್ಚು ಕಾಲ ಕಟ್ಟಿದ್ದರೆ ಇನ್ನೂ ಜಾಸ್ತಿ. ಅಷ್ಟೂ ದಿನ ಆರೋಗ್ಯ ವಿಮೆಯ ಕಂತನ್ನೂ ಆಗೆಂಟೂರೇ ಕಟ್ಟುತ್ತದೆ.

ವೀಸಾ ವಿಷಯಕ್ಕೆ ಬಂದರೆ, ಈ ವಿಮೆ ಹಣ ಬೇರೆ, ಜಾಬ್‌ಸೆಂಟರ್ ಕೊಡುವ ಜೀವನಾಧಾರದ ಹಣ ಬೇರೆ. ಪೌರತ್ವಕ್ಕೋ ಕಾಯಂ ವಾಸಕ್ಕೋ ಅರ್ಜಿ ಹಾಕುವಾಗ ಅಡ್ಡ ಬರುವುದು ಎರಡನೆಯದು. ಆದರೆ ಬ್ಲೂ ಕಾರ್ಡ್‌ನಲ್ಲೋ ಕೆಲಸದ ವೀಸಾದಲ್ಲೋ ಇರುವವರು ಒಂದನ್ನು ಮರೆಯಬಾರದು. ಕೆಲಸ ಅವಧಿಗೆ ಮೊದಲೇ ಮುಗಿಯುತ್ತದೆ ಎಂದು ಗೊತ್ತಾದ 2 ವಾರದೊಳಗೆ ವಿದೇಶಿಯರ ಕಚೇರಿಯಾದ ಔಸ್‌ಲೆಂಡರ್‌ಬೆಹೋರ್ಡೆಗೆ ತಿಳಿಸಬೇಕು. ವೀಸಾದ ಅವಧಿ ಮೊಟಕು ಮಾಡುವ ಅಧಿಕಾರ ಅವರಿಗಿದೆ. ಕೆಲಸ ಹುಡುಕಲು ಎಷ್ಟು ಸಮಯ ಇದೆ ಅಂತ ಅದೇ ಇಮೇಲ್‌ನಲ್ಲಿ ಕೇಳಿಬಿಡಿ. ಉತ್ತರ ಬರಹದಲ್ಲಿ ಇದ್ದರೆ ಮುಂದಿನ ಲೆಕ್ಕಾಚಾರ ಸುಲಭ.

ಪೇಪರ್ ಹಾಕಬೇಡಿ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ದುಡಿದು ಬಂದವರಿಗೆ ಒಂದು ಅಭ್ಯಾಸ ಇರುತ್ತದೆ. ಎಚ್‌ಆರ್ ಕರೆದು 'ನೀವೇ ಪೇಪರ್ ಹಾಕಿಬಿಡಿ, ರೆಕಾರ್ಡ್ ಚೆನ್ನಾಗಿರುತ್ತೆ' ಅಂದರೆ ಹಾಕಿಬಿಡುತ್ತೇವೆ. ಇಲ್ಲಿ ಹಾಗೆ ಮಾಡಿದರೆ ನೇರವಾಗಿ ಹೊಟ್ಟೆಗೆ ಹೊಡೆತ. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಸಾಮಾನ್ಯವಾಗಿ 12 ವಾರ ಹಣ ತಡೆಹಿಡಿಯುತ್ತಾರೆ. ಇದಕ್ಕೆ ಶ್ಪೆರ್‌ತ್ಸೈಟ್ ಅನ್ನುತ್ತಾರೆ. ಬರೀ ತಡ ಆಗುವುದಲ್ಲ, ಒಟ್ಟು ಸಿಗಬೇಕಾದ ಅವಧಿಯಲ್ಲೂ ಕಡಿಮೆ ಅಂದರೆ ಕಾಲು ಭಾಗ ಹೋಗುತ್ತದೆ. ಕೆಲಸ ಮುಗಿಸಲು ನೀವೂ ಕಂಪನಿಯೂ ಒಪ್ಪಿ ಸಹಿ ಹಾಕುವ ಔಫ್‌ಹೇಬುಂಗ್ಸ್‌ಫೆರ್‌ಟ್ರಾಗ್‌ಗೂ ಇದೇ ಗತಿ ಆಗಬಹುದು. ಅಂಥ ಕಾಗದ ಮುಂದಿಟ್ಟರೆ ಮನೆಗೆ ತೆಗೆದುಕೊಂಡು ಹೋಗಿ, ಕಾರ್ಮಿಕ ಕಾನೂನಿನ ವಕೀಲರಿಗೆ ತೋರಿಸಿ, ಆಮೇಲೆ ಸಹಿ. ಕಂಪನಿಯೇ ತೆಗೆದುಹಾಕಿ, ಅದು ಅನ್ಯಾಯ ಅಂತ ಅನ್ನಿಸಿದರೆ ಕೋರ್ಟಿಗೆ ಹೋಗಲು ಪತ್ರ ಕೈಸೇರಿದ ದಿನದಿಂದ 3 ವಾರ ಮಾತ್ರ ಇರುತ್ತದೆ.

ಹೆಸರು ಬರೆಸುವುದು ಎರಡು ಸಲ. ಕೆಲಸ ಹುಡುಕುತ್ತಿದ್ದೇನೆ ಅಂತ ತಿಳಿಸುವುದು ಮೊದಲನೆಯದು. ಇದನ್ನು ಕೆಲಸ ಮುಗಿಯುವ 3 ತಿಂಗಳು ಮುಂಚೆ ಮಾಡಬೇಕು. ಅಷ್ಟು ಸಮಯ ಇಲ್ಲದಿದ್ದರೆ ವಿಷಯ ಗೊತ್ತಾದ 3 ದಿನದೊಳಗೆ. ಆನ್‌ಲೈನ್‌ನಲ್ಲೂ ಆಗುತ್ತದೆ, 0800 4 555500 ಎಂಬ ಉಚಿತ ನಂಬರಿಗೆ ಫೋನ್ ಮಾಡಿದರೂ ಆಗುತ್ತದೆ. ತಡವಾದರೆ ಒಂದು ವಾರದ ಹಣ ಹೋಯಿತು. ಎರಡನೆಯದು, ಕೆಲಸವಿಲ್ಲ ಅಂತ ತಿಳಿಸುವುದು. ಇದನ್ನು ಕೆಲಸವಿಲ್ಲದ ಮೊದಲ ದಿನದ ಹೊತ್ತಿಗೆ ಮಾಡಿರಬೇಕು. ಖುದ್ದಾಗಿ ಹೋಗಬೇಕು, ಇಲ್ಲವೇ ವಾಸದ ಕಾರ್ಡಿನ ಆನ್‌ಲೈನ್ ಗುರುತಿನ ಸೌಲಭ್ಯ ಬಳಸಬೇಕು. ಆ ಕಾರ್ಡಿನ ಪಿನ್ ಪತ್ರ ಎಲ್ಲಿಟ್ಟಿದ್ದೀರಿ ಅಂತ ಈಗಲೇ ಹುಡುಕಿಡಿ.

ಮಾಸ್‌ನಾಮೆ: ಕಡ್ಡಾಯ ಹೌದು, ಆದರೆ ಯಾವುದು ಅಂತ ಮಾತಾಡಬಹುದು

ಹಣದ ಜೊತೆ ಕರ್ತವ್ಯಗಳೂ ಬರುತ್ತವೆ. ತಿಂಗಳಿಗೆ ಇಷ್ಟು ಕಡೆ ಅರ್ಜಿ ಹಾಕಬೇಕು, ಕರೆದಾಗ ಬರಬೇಕು, ಹೇಳಿದ ತರಬೇತಿಗೆ ಸೇರಬೇಕು. ಈ ತರಬೇತಿಗೆ ಎಲ್ಲರೂ ಮಾಸ್‌ನಾಮೆ ಅಂತಲೇ ಅನ್ನುವುದು. ಅದು ಕೆಲವು ವಾರಗಳ ಕ್ಲಾಸ್ ಆಗಿರಬಹುದು, ಒಬ್ಬೊಬ್ಬರಿಗೇ ಕೊಡುವ ಕೋಚಿಂಗ್ ಆಗಿರಬಹುದು, ಯಾವುದೋ ಕಂಪನಿಯಲ್ಲಿ ಗರಿಷ್ಠ 6 ವಾರದ ಪ್ರಾಯೋಗಿಕ ಕೆಲಸವೂ ಆಗಿರಬಹುದು. ಆ ದಿನಗಳಲ್ಲಿ ನಿಮ್ಮ ಹಣ ನಿಲ್ಲುವುದಿಲ್ಲ. ಓಡಾಟದ ಖರ್ಚನ್ನೂ ಕೇಳಬಹುದು.

ಎಲ್ಲವೂ ತೀರ್ಮಾನ ಆಗುವುದು ಮೊದಲ ಭೇಟಿಯಲ್ಲಿ. ನಿಮಗೆಂದು ಒಬ್ಬ ಅಧಿಕಾರಿ ಇರುತ್ತಾರೆ. ಅವರು ನಿಮ್ಮ ಓದು, ಅನುಭವ, ಭಾಷೆ ಎಲ್ಲ ವಿಚಾರಿಸಿ ಒಂದು ಒಪ್ಪಂದ ಪತ್ರ ಮಾಡುತ್ತಾರೆ. ನಮ್ಮವರು ಅಧಿಕಾರಿ ಎದುರು ಕೂತರೆ ಎಲ್ಲದಕ್ಕೂ ತಲೆಯಾಡಿಸುವುದು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ತಿಂಗಳಿಗೆ ಎಷ್ಟು ಅರ್ಜಿ, ಯಾವ ತರಹದ ಕೆಲಸ, ಯಾವ ಊರು, ಎಲ್ಲವನ್ನೂ ಅಲ್ಲೇ ಮಾತಾಡಿ. ನಿಮ್ಮ ಕ್ಷೇತ್ರದಲ್ಲಿ ತಿಂಗಳಿಗೆ ನಾಲ್ಕು ಒಳ್ಳೆಯ ಹುದ್ದೆ ಮಾತ್ರ ಖಾಲಿ ಇರುತ್ತವೆ ಅಂದರೆ ಹತ್ತಕ್ಕೆ ಒಪ್ಪಿ ಬರಬೇಡಿ. ಹೋಗುವಾಗ ಅಂಥ ಜಾಹೀರಾತುಗಳ ಪ್ರಿಂಟ್ ಇಟ್ಟುಕೊಂಡು ಹೋಗಿ. ಸಹಿ ಹಾಕದೇ ಇದ್ದರೆ ಅವರೇ ಆದೇಶ ಹೊರಡಿಸಬಹುದು. ಹಾಗಾಗಿ ಜಗಳಕ್ಕಿಂತ ಮಾತುಕತೆಯೇ ವಾಸಿ.

ನನ್ನ ಪರಿಚಯದ ಒಬ್ಬ ಟೆಸ್ಟಿಂಗ್ ಎಂಜಿನಿಯರ್‌ಗೆ ಬಯೋಡೇಟಾ ಬರೆಯುವ ಕ್ಲಾಸಿಗೆ ಬರಲು ಪತ್ರ ಬಂತು. ಪೂರ್ತಿ ಜರ್ಮನ್‌ನಲ್ಲಿ. ಅವರ ಜರ್ಮನ್ ಇನ್ನೂ ಎ2 ಅಂದರೆ ಆರಂಭಿಕ ಮಟ್ಟದ್ದು, ಪಾಠ ತಲೆಗೆ ಹತ್ತುವುದು ಸಾಧ್ಯವೇ ಇರಲಿಲ್ಲ. ಅವರು ಕ್ಲಾಸ್ ತಪ್ಪಿಸಲಿಲ್ಲ. ಶುರುವಾಗುವ ಮೊದಲೇ ಒಂದು ಚಿಕ್ಕ ಪತ್ರ ಬರೆದರು: ನನ್ನ ಭಾಷಾ ಸರ್ಟಿಫಿಕೇಟ್ ಇಲ್ಲಿದೆ, ಈ ಕ್ಲಾಸಿನಿಂದ ನನಗೆ ಉಪಯೋಗವಾಗುವುದು ಕಷ್ಟ, ನನಗೆ ಬೇಕಿರುವುದು ಭಾಷಾ ಕೋರ್ಸ್, ಇಂಥ ಕಡೆ ಸೀಟಿದೆ. ಅಧಿಕಾರಿ ಒಪ್ಪಿದರು. ಬೇಡ ಅನ್ನುವಾಗ ಬದಲಿಗೆ ಏನು ಬೇಕು ಅಂತ ಹೇಳಿದ್ದೇ ಅವರಿಗೆ ನೆರವಾಯಿತು.

ಹೀಗೆ ಕೇಳಬಹುದಾದ ಬದಲಿಗಳು ಹಲವು ಇವೆ. ಎ.ವಿ.ಜಿ.ಎಸ್. ಎಂಬ ಗುಟ್‌ಶೈನ್ (ಖರ್ಚು ಕಚೇರಿಯೇ ಕೊಡುವ ವೋಚರ್) ಸಿಕ್ಕರೆ ಮಾನ್ಯತೆ ಇರುವ ಕೋಚಿಂಗ್ ಸಂಸ್ಥೆಯನ್ನು ನೀವೇ ಆರಿಸಿಕೊಳ್ಳಬಹುದು. ಬರ್ಲಿನ್‌ನಂಥ ಊರುಗಳಲ್ಲಿ ಇಂಗ್ಲಿಷ್‌ನಲ್ಲೇ ಕೋಚಿಂಗ್ ಕೊಡುವವರೂ ಇದ್ದಾರೆ. ದೊಡ್ಡ ತರಬೇತಿಗೆ ಬಿಲ್ಡುಂಗ್ಸ್‌ಗುಟ್‌ಶೈನ್ ಎಂಬ ಶಿಕ್ಷಣ ವೋಚರ್ ಇದೆ. ಕೊಡುವುದು ಬಿಡುವುದು ಅಧಿಕಾರಿಯ ತೀರ್ಮಾನ. ಆದರೂ ಇದನ್ನು ಕೇಳಿಯೇ ಕೇಳಿ ಅಂತ ನಾನು ಒತ್ತಿ ಹೇಳುತ್ತೇನೆ. ಯಾಕೆಂದರೆ ಈ ತರಬೇತಿಯಲ್ಲಿರುವಾಗ ಎರಡು ದಿನ ಹಣ ಪಡೆದರೆ ನಿಮ್ಮ ಹಕ್ಕಿನಲ್ಲಿ ಒಂದೇ ದಿನ ಕಳೆಯುತ್ತದೆ.

ಪತ್ರದ ಕೊನೆಯ ಪುಟ

ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಇದೆಯಾ, ಮೊದಲು ನೋಡಿ. ಬೇರೆಯವರ ಮನೆಯಲ್ಲಿ ರೂಮು ಮಾಡಿಕೊಂಡಿರುವವರ ಹೆಸರು ಎಷ್ಟೋ ಸಲ ಅಲ್ಲಿ ಇರುವುದೇ ಇಲ್ಲ. ಪತ್ರ ವಾಪಸ್ ಹೋಗುತ್ತದೆ, ನೀವು ಸಿಗಲಿಲ್ಲ ಅಂತ ದಾಖಲಾಗುತ್ತದೆ. ಪತ್ರ ಬಂದರೆ ಪೂರ್ತಿ ತಿರುವಿ ಹಾಕಿ. ಕೆಲಸದ ಸಲಹೆಯೋ ತರಬೇತಿಯ ಕರೆಯೋ ಆಗಿದ್ದು, ಹಿಂದೆ 'ರೆಖ್ಟ್ಸ್‌ಫೋಲ್ಗನ್‌ಬೆಲೇರುಂಗ್' ಎಂಬ ತಲೆಬರಹ ಇದ್ದರೆ, ಪಾಲಿಸದೇ ಇದ್ದರೆ ಹಣ ನಿಲ್ಲುತ್ತದೆ ಅಂತ ಎಚ್ಚರಿಸಿದ್ದಾರೆ ಎಂದೇ ಅರ್ಥ. ಅಂಥ ಪತ್ರವನ್ನು ಫೋಟೋ ತೆಗೆದಿಟ್ಟುಕೊಂಡು, ಅದರಲ್ಲಿ ಹೇಳಿದ ಗಡುವಿನೊಳಗೆ ಉತ್ತರ ಕೊಡಿ.

ಕರೆದ ದಿನ ಹೋಗದಿದ್ದರೆ 1 ವಾರ, ಅರ್ಜಿ ಹಾಕಿದ್ದಕ್ಕೆ ಪುರಾವೆ ಕೊಡದಿದ್ದರೆ 2 ವಾರ ಹಣ ಬರುವುದಿಲ್ಲ. ಕೆಲಸವನ್ನೋ ತರಬೇತಿಯನ್ನೋ ಕಾರಣವಿಲ್ಲದೆ ತಿರಸ್ಕರಿಸಿದರೆ ಮೊದಲ ಸಲ 3 ವಾರ, ಎರಡನೇ ಸಲ 6, ಆಮೇಲೆ 12. ಇವೆಲ್ಲ ಸೇರಿ 21 ವಾರ ಆದರೆ ಹಕ್ಕೇ ಹೋಗುತ್ತದೆ. ಸರಿಯಾದ ಕಾರಣ ಇದ್ದರೆ ಈ ಶಿಕ್ಷೆ ಇಲ್ಲ. ಹುಷಾರಿಲ್ಲದಿದ್ದರೆ ಡಾಕ್ಟರ್ ಚೀಟಿ, ಮಗುವನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ ಕಿಟಾದ (ಶಿಶುವಿಹಾರದ) ಪತ್ರ, ಅದೇ ದಿನ ಇಂಟರ್‌ವ್ಯೂ ಇದ್ದರೆ ಅದರ ಇಮೇಲ್. ಕಾರಣ ಮುಂಚೆಯೇ ತಿಳಿಸಿದರೆ ಬೆಲೆ ಜಾಸ್ತಿ.

ಊರಿಗೆ ಹೋಗುವ ಮಾತು. ಕೆಲಸ ಹೇಗೂ ಇಲ್ಲ, ಎರಡು ತಿಂಗಳು ಅಪ್ಪ ಅಮ್ಮನ ಜೊತೆ ಇದ್ದು ಬರೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಅಧಿಕಾರಿಯ ಒಪ್ಪಿಗೆ ಇಲ್ಲದೆ ಹೊರಟರೆ ಆ ದಿನಗಳ ಹಣ ಸಿಗುವುದಿಲ್ಲ, ಸಿಕ್ಕಿದ್ದರೂ ವಾಪಸ್ ಕೇಳುತ್ತಾರೆ. ಒಪ್ಪಿಗೆ ಇದ್ದರೆ ವರ್ಷಕ್ಕೆ 3 ವಾರದವರೆಗೆ ಹಣ ಬರುತ್ತಿರುತ್ತದೆ. ಒಂದೇ ಸಲ 6 ವಾರಕ್ಕಿಂತ ಜಾಸ್ತಿ ಹೋದರೆ ಮೊದಲ ದಿನದಿಂದಲೇ ಏನೂ ಇಲ್ಲ. ಮೊದಲ 3 ತಿಂಗಳಲ್ಲಿ ತೀರಾ ಅಗತ್ಯವಿದ್ದರೆ ಮಾತ್ರ ಬಿಡುತ್ತಾರೆ. ಮನೆಯಲ್ಲಿ ಯಾರಿಗಾದರೂ ತೀರಾ ಹುಷಾರಿಲ್ಲ ಅಂತ ಸುದ್ದಿ ಬಂದರೆ ಟಿಕೆಟ್ ಮಾಡಿಸುವ ಹೊತ್ತಿಗೇ ಫೋನ್ ಮಾಡಿ, ಆನ್‌ಲೈನ್ ಖಾತೆಯಲ್ಲೂ ಒಂದು ಸಾಲು ಬರೆದುಹಾಕಿ.

ಇಷ್ಟಾದರೂ ಹಣ ನಿಲ್ಲಿಸಿ ಆದೇಶ ಬಂದರೆ ಒಂದು ತಿಂಗಳೊಳಗೆ ವಿಡರ್‌ಶ್ಪ್ರುಖ್ ಅಂದರೆ ಆಕ್ಷೇಪಣೆ ಹಾಕಬಹುದು. 'ಈ ದಿನಾಂಕದ ಆದೇಶಕ್ಕೆ ನನ್ನ ಆಕ್ಷೇಪ ಇದೆ, ಕಾರಣಗಳನ್ನು ಆಮೇಲೆ ಕಳಿಸುತ್ತೇನೆ' ಅಂತ ಸಹಿ ಮಾಡಿ ಪತ್ರ ಕಳಿಸಿದರೂ ಗಡುವು ಉಳಿಯುತ್ತದೆ. ಸುಮ್ನೆ ಇಮೇಲ್ ಮಾಡಿದರೆ ಸಾಲದು. ಅದೂ ತಿರಸ್ಕೃತವಾದರೆ ಇಂಥ ವಿಷಯಗಳ ಕೋರ್ಟು ಸೋತ್ಸಿಯಾಲ್‌ಗೆರಿಖ್ಟ್ ಇದೆ. ಅಲ್ಲಿ ವಿಮೆದಾರರಿಗೆ ಕೋರ್ಟ್ ಶುಲ್ಕ ಇರುವುದಿಲ್ಲ.