ತಾನಾಗಿ ಬೆಳೆಯುವ ನಡುಕಕ್ಕೆ ಅಬ್ಸಾರ್ಬರ್ ಕೂರಿಸುವುದು

ಗಾಳಿಗೆ ತೊನೆಯುವ ಕಂಬವಾಗಲಿ, ಕಟಿಂಗ್ ವೇಳೆ ಚೀರುವ ಬೋರಿಂಗ್ ಬಾರ್ (ಲೇತಿನಲ್ಲಿ ತೂತಿನ ಒಳಮೈ ಕೊರೆಯುವ ಉದ್ದ ಹಿಡಿ) ಆಗಲಿ, ಅಲ್ಲಾಡಿದಷ್ಟೂ ಇನ್ನಷ್ಟು ಶಕ್ತಿ ಎಳೆದುಕೊಳ್ಳುತ್ತದೆ. ಆ ಶಕ್ತಿ ಶಾಖವಾಗಿ ಹೋಗಲೇಬೇಕು. ಆದ್ದರಿಂದ ನಡುಕ ಹೀರಲು ಕೂರಿಸುವ ಅಬ್ಸಾರ್ಬರಿನಲ್ಲಿ ಬರೀ ತೂಕ ಮತ್ತು ಸ್ಪ್ರಿಂಗ್ ಸಾಲವು, ಆಟದ ಶಕ್ತಿಯನ್ನು ಶಾಖವಾಗಿಸುವ ಡ್ಯಾಂಪರ್ ಬೇಕೇ ಬೇಕು.

ಮೊದಲು ಗಾಳಿಯೋ ಕಟಿಂಗೋ ಇಲ್ಲದಾಗ ರಬ್ಬರ್ ಸುತ್ತಿಗೆಯಿಂದ ತಟ್ಟಿ ಆವರ್ತನ (ಸೆಕೆಂಡಿಗೆ ಎಷ್ಟು ಸುತ್ತು ಅಲ್ಲಾಡುತ್ತದೆ ಎಂಬುದು) ಅಳೆಯಿರಿ. 12 ಹರ್ಟ್ಝ್ ಬಂತೆನ್ನಿ. ಅತಿ ಹೆಚ್ಚು ಅಲ್ಲಾಡುವ ಜಾಗದಲ್ಲಿ 2 ಕೆ.ಜಿ. ತೂಕ ಬಿಗಿದು ಮತ್ತೆ ತಟ್ಟಿ. 11.7ಕ್ಕೆ ಇಳಿದರೆ ಆ ಜಾಗದಲ್ಲಿ ಅಲ್ಲಾಡುತ್ತಿರುವ ತೂಕ ಸುಮಾರು 40 ಕೆ.ಜಿ. ಆಮೇಲೆ ನಡುಕ ಶುರುವಾಗುವ ಹೊತ್ತನ್ನು ರೆಕಾರ್ಡ್ ಮಾಡಿ. ಪ್ರತಿ ಸುತ್ತಿಗೂ ಶೇ. 13ರಷ್ಟು ಹಿಗ್ಗುತ್ತಿದ್ದರೆ ಡ್ಯಾಂಪಿಂಗ್ ಅನುಪಾತ, ಅಂದರೆ ನಡುಕ ಎಷ್ಟು ಬೇಗ ತಣಿಯುತ್ತದೆಂಬ ಅಳತೆ, ಮೈನಸ್ 0.02. ಮೈನಸ್ ಅಂದರೆ ತಣಿಯುವ ಬದಲು ಬೆಳೆಯುತ್ತಿದೆ.

ಅಬ್ಸಾರ್ಬರಿಗೆ ಆ 40 ಕೆ.ಜಿ.ಯ ಶೇ. 5, ಅಂದರೆ 2 ಕೆ.ಜಿ. ತೂಕ ಇಡಿ. ಅದರ ಆವರ್ತನ 12ನ್ನು 1.05ರಿಂದ ಭಾಗಿಸಿದಷ್ಟು, 11.4 ಹರ್ಟ್ಝ್. ಇದಕ್ಕೆ 40 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಎರಡು ಸ್ಪ್ರಿಂಗ್ ಸ್ಟೀಲ್ ಪಟ್ಟಿಗಳು ಸಾಕು. ಎರಡನ್ನೂ ಸಮಾನಾಂತರವಾಗಿ, ಒಂದು ತುದಿ ಅಬ್ಸಾರ್ಬರಿನ ಚೌಕಟ್ಟಿಗೆ, ಇನ್ನೊಂದು ತುದಿ ತೂಕಕ್ಕೆ ಬಿಗಿದು, ಎರಡು ಕ್ಲಾಂಪುಗಳ ನಡುವೆ ಪಟ್ಟಿಯ ಉದ್ದ 232 ಮಿ.ಮೀ. ಬಿಡಿ. ಪಟ್ಟಿಗಳ ಸ್ವಂತ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಸುಮಾರು 100 ಗ್ರಾಂ, ಲೆಕ್ಕಕ್ಕೆ ಬರುತ್ತದೆ. ಅಷ್ಟನ್ನು ತೂಕದಿಂದ ಕಳೆಯಿರಿ. ಬೋಲ್ಟ್ ತೂತುಗಳನ್ನು ಉದ್ದುದ್ದ ಮಾಡಿಡಿ: 5 ಮಿ.ಮೀ. ಜರುಗಿಸಿದರೆ ಆವರ್ತನ ಶೇ. 3ರಷ್ಟು ಬದಲಾಗುತ್ತದೆ.

ಎಲ್ಲರೂ ಎಡವುವುದು ಡ್ಯಾಂಪರಿನಲ್ಲಿ. ಅಬ್ಸಾರ್ಬರಿನ ಡ್ಯಾಂಪಿಂಗ್ ಅನುಪಾತ ಇಲ್ಲಿ 0.2ರ ಆಸುಪಾಸು ಇರಬೇಕು. 0.02ಕ್ಕಿಂತ ಕಡಿಮೆಯಾದರೆ ಬಂದ ಶಕ್ತಿ ಖರ್ಚಾಗದೆ ನಡುಕ ಉಳಿಯುತ್ತದೆ. 0.6 ದಾಟಿದರೆ ತೂಕ ಚೌಕಟ್ಟಿಗೇ ಅಂಟಿದಂತಾಗಿ ನಡುಕ ಮತ್ತೆ ಬೆಳೆಯುತ್ತದೆ. ಗಟ್ಟಿ ಎಣ್ಣೆ ಹಾಕಿದಷ್ಟೂ ಒಳ್ಳೆಯದು ಅನ್ನುವುದು ಶುದ್ಧ ತಪ್ಪು. ತೂಕದಿಂದ ಇಳಿಬಿಟ್ಟ ತಟ್ಟೆ ಸಿಲಿಕೋನ್ ಎಣ್ಣೆಯ ಡಬ್ಬಿಯಲ್ಲಿ ಮುಳುಗಿ ಆಡುವಂತೆ ಮಾಡುವುದು ಸುಲಭದ ದಾರಿ. ಮಿನರಲ್ ಎಣ್ಣೆಯಷ್ಟು ಅದು ಬಿಸಿಲು-ಚಳಿಗೆ ಬದಲಾಗುವುದಿಲ್ಲ. ಒಣ ಘರ್ಷಣೆಯ ಪ್ಯಾಡ್ ಬೇಡ: ಸಣ್ಣ ನಡುಕಕ್ಕೆ ಅದು ಜಾರುವುದೇ ಇಲ್ಲ, ನಡುಕವೋ ಸಣ್ಣದರಿಂದಲೇ ಬೆಳೆಯುವಂಥದ್ದು.

ಪರೀಕ್ಷೆಗೆ ಚೌಕಟ್ಟನ್ನು ಗಟ್ಟಿ ನೆಲೆಗೆ ಬಿಗಿದು ಅಲುಗದಂತೆ ಮಾಡಿ, ತೂಕವನ್ನಷ್ಟೇ ಎಳೆದು ಬಿಡಿ. ಎರಡೇ ಸುತ್ತಿನಲ್ಲಿ ಅದರ ಆಟ ಹತ್ತನೇ ಒಂದು ಭಾಗಕ್ಕಿಂತ ಕೆಳಗಿಳಿಯಬೇಕು.

ಪಟ್ಟಿಗಳು ಬಿರುಕು ಬಿಡುವುದು ಕ್ಲಾಂಪಿನ ಅಂಚಿನಲ್ಲಿ. ಆ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ತೂಕಕ್ಕೊಂದು ಸಡಿಲ ಉಕ್ಕಿನ ತಂತಿ ಕಟ್ಟಿ. ಪಟ್ಟಿ ಮುರಿದರೂ 2 ಕೆ.ಜಿ. ಯಾರ ತಲೆಯ ಮೇಲೂ ಬೀಳಬಾರದು.