ಒಂದೇ ಸ್ವರಕ್ಕೆ ಎರಡು ಉತ್ತರ: ಮಧ್ಯಮಿದುಳಿನ ನರಕೋಶಗಳನ್ನು ಆಲಿಸಿದ ಅನುಭವ

ಕಿವಿಯಿಂದ ಹೊರಟ ಸಂಕೇತ ಮಿದುಳಿನ ತೊಗಟೆಯನ್ನು ತಲುಪುವ ಮೊದಲು ಹಲವು ಕವಲುಗಳಾಗಿ ಒಡೆಯುತ್ತದೆ. ಆ ಕವಲುಗಳಲ್ಲಿ ಬಹುಪಾಲು ಮತ್ತೆ ಒಂದೆಡೆ ಕೂಡುವುದು ಮಧ್ಯಮಿದುಳಿನ ಇನ್ಫೀರಿಯರ್ ಕಾಲಿಕ್ಯುಲಸ್‌ನಲ್ಲಿ. ಅರಿವಳಿಕೆ ಕೊಟ್ಟ ಇಲಿಗಳ ಈ ಭಾಗದಲ್ಲಿ ಎಲೆಕ್ಟ್ರೋಡ್ ಇಳಿಸಿ ಒಂದೊಂದೇ ನರಕೋಶದ ಉತ್ತರವನ್ನು ದಾಖಲಿಸುವುದು ನನ್ನ ಕೆಲಸ. ನಾನು ಬಳಸುವುದು ಸಿಬಿಎ ತಳಿಯ ಇಲಿಗಳನ್ನು. ಹೆಚ್ಚು ಬಳಕೆಯಲ್ಲಿರುವ ಕಪ್ಪು ತಳಿಯ ಇಲಿಗಳಿಗೆ ವಯಸ್ಸಾಗುತ್ತಿದ್ದಂತೆ ಎತ್ತರದ ಸ್ವರಗಳು ಬೇಗನೆ ಕೇಳಿಸದಾಗುತ್ತವೆ. ಶ್ರವಣದ ಅಧ್ಯಯನಕ್ಕೆ ಅವು ಹೇಳಿ ಮಾಡಿಸಿದವಲ್ಲ.

ಸರಿಯಾದ ಜಾಗಕ್ಕೆ ಬಂದಿದ್ದೇವೆಯೇ ಎಂಬುದನ್ನು ನರಕೋಶಗಳೇ ತಿಳಿಸುತ್ತವೆ. ಎಲೆಕ್ಟ್ರೋಡ್ ಮೇಲ್ಭಾಗದಲ್ಲಿದ್ದಾಗ ಕೆಳಸ್ವರಗಳಿಗೆ ಉತ್ತರ ಬರುತ್ತದೆ. ಆಳಕ್ಕೆ ಇಳಿದಂತೆಲ್ಲ ಪ್ರತಿ ಕೋಶವೂ ಅತಿ ಕಡಿಮೆ ಸದ್ದಿಗೇ ಸ್ಪಂದಿಸುವ ಆವೃತ್ತಿ, ಅಂದರೆ ಅದರ ವಿಶಿಷ್ಟ ಆವೃತ್ತಿ, ಕ್ರಮವಾಗಿ ಏರುತ್ತ ಹೋಗುತ್ತದೆ. ಈ ಏರಿಕೆ ಚೊಕ್ಕವಾಗಿದ್ದರೆ ಕೇಂದ್ರ ಭಾಗದಲ್ಲಿದ್ದೇವೆ ಎಂದರ್ಥ. ಏರಿಳಿತ ಕ್ರಮಗೆಟ್ಟು, ಉತ್ತರಗಳು ಅಗಲವಾಗಿ ಹರಡಿಕೊಂಡು, ಬೇಗ ದಣಿಯುವಂತೆ ಕಂಡರೆ ಸುತ್ತಲಿನ ಹೊರಪದರದಲ್ಲಿರುವ ಸಾಧ್ಯತೆಯೇ ಹೆಚ್ಚು.

ಮೊದಲ ಪರೀಕ್ಷೆ ಶುದ್ಧ ಸ್ವರಗಳದ್ದು. 2ರಿಂದ 64 ಕಿಲೋಹರ್ಟ್ಸ್‌ವರೆಗೆ ಕಾಲು ಅಷ್ಟಕದ (ಆವೃತ್ತಿ ಇಮ್ಮಡಿಯಾಗುವ ಅಂತರವೇ ಒಂದು ಅಷ್ಟಕ) ಹೆಜ್ಜೆಗಳಲ್ಲಿ 21 ಆವೃತ್ತಿಗಳು, 0ಯಿಂದ 80 ಡೆಸಿಬೆಲ್‌ವರೆಗೆ ಒಂಬತ್ತು ಮಟ್ಟಗಳು. ಒಟ್ಟು 189 ಜೋಡಿಗಳು. ಇವನ್ನು ಕಲಸಿ, ಯಾದೃಚ್ಛಿಕ ಕ್ರಮದಲ್ಲಿ ನುಡಿಸುತ್ತೇನೆ. ಪ್ರತಿ ಸ್ವರದ ಆರಂಭ ಮತ್ತು ಅಂತ್ಯವನ್ನು 5 ಮಿಲಿಸೆಕೆಂಡುಗಳಲ್ಲಿ ಮೆಲ್ಲಗೆ ಏರಿಸಿ ಇಳಿಸಬೇಕು. ಇಲ್ಲದಿದ್ದರೆ ಸ್ವರ ಶುರುವಾಗುವಾಗಲೇ 'ಟಕ್' ಎಂಬ ಸದ್ದಾಗಿ, ಎಲ್ಲ ಆವೃತ್ತಿಗಳೂ ಒಮ್ಮೆಗೇ ಒಳಗೆ ನುಗ್ಗುತ್ತವೆ. ಧ್ವನಿವರ್ಧಕವನ್ನೂ ಮೈಕ್ರೋಫೋನಿನಿಂದ ಅಳೆದು ನೋಡದೆ ನಂಬುವಂತಿಲ್ಲ. ಜೋರಾಗಿ ನುಡಿಸಿದ 12 ಕಿಲೋಹರ್ಟ್ಸ್ ಸ್ವರದ ಜೊತೆಗೆ ವಿರೂಪದಿಂದ ಹುಟ್ಟಿದ 24 ಕಿಲೋಹರ್ಟ್ಸ್ ಕೂಡ ಹೊರಬಿದ್ದರೆ, 24ಕ್ಕೆ ಸ್ಪಂದಿಸುವ ಕೋಶ 12ಕ್ಕೂ ಸ್ಪಂದಿಸಿದಂತೆ ತೋರುತ್ತದೆ.

ಯಾವ ಜೋಡಿಗೆ ಕೋಶ ಎಷ್ಟು ಸ್ಪಂದಿಸಿತು ಎಂದು ತೋರುವ ನಕ್ಷೆ ಅನೇಕ ಸಲ ಇಂಗ್ಲಿಷಿನ 'V' ಅಕ್ಷರದ ಆಕಾರದಲ್ಲಿ, ಸದ್ದು ಹೆಚ್ಚಿದಂತೆ ಎರಡೂ ಬದಿಗೆ ಅಗಲವಾಗುತ್ತ ಹೋಗುತ್ತದೆ. ಕೆಲವು ಕೋಶಗಳು ಮಾತ್ರ ಎಷ್ಟೇ ಜೋರು ಮಾಡಿದರೂ ಅಗಲವಾಗದೆ ಕಿರಿದಾದ ಪಟ್ಟಿಯಲ್ಲೇ ನಿಲ್ಲುತ್ತವೆ. ಇನ್ನು ಕೆಲವು 30 ಡೆಸಿಬೆಲ್‌ಗೆ ಬಿರುಸಾಗಿ ಸ್ಪೈಕ್ (ನರಕೋಶದ ಕ್ಷಣಿಕ ವಿದ್ಯುತ್ ಮಿಡಿತ) ಹೊರಡಿಸಿ, 80ಕ್ಕೆ ಪೂರ್ತಿ ಸುಮ್ಮನಾಗುತ್ತವೆ. ಕಿವಿಯ ನರತಂತುವಿನಲ್ಲಿ ಇಂಥ ಮೌನ ಕಾಣುವುದಿಲ್ಲ. ದಾರಿಯಲ್ಲಿನ ಕೇಂದ್ರಗಳ, ಹಾಗೂ ಇಲ್ಲಿಯದೇ ಕೋಶಗಳ, ತಡೆಹಿಡಿಯುವ ಸಂಕೇತಗಳು ಅದನ್ನು ಕಡೆದು ರೂಪಿಸುತ್ತವೆ. ತಡೆಹಿಡಿಯುವ ಸಂಕೇತ ಒಯ್ಯುವ ಗಾಬಾ ಎಂಬ ರಾಸಾಯನಿಕದ ಗ್ರಾಹಕಗಳನ್ನು ಔಷಧದಿಂದ ತಡೆದರೆ ಅನೇಕ ಕೋಶಗಳ ನಕ್ಷೆ ಅಗಲವಾಗುವುದೇ ಇದಕ್ಕೆ ಸಾಕ್ಷಿ. ಅರಿವಳಿಕೆಯಲ್ಲಿ ಕೋಶಗಳು ತಾವಾಗಿ ಸ್ಪೈಕ್ ಹೊರಡಿಸುವುದು ಕಡಿಮೆ. ಹೀಗಾಗಿ ತಡೆಯನ್ನು ಕಣ್ಣಿಗೆ ಕಾಣಿಸಲು ನಾನು ಎರಡು ಸ್ವರಗಳನ್ನು ಬಳಸುತ್ತೇನೆ: ವಿಶಿಷ್ಟ ಆವೃತ್ತಿಯ ಸ್ವರವೊಂದನ್ನು ಮೆಲ್ಲಗೆ ನುಡಿಸಿ ಕೋಶವನ್ನು ಚಟುವಟಿಕೆಯಲ್ಲಿಟ್ಟು, ಎರಡನೆಯದನ್ನು ಬೇರೆ ಬೇರೆ ಆವೃತ್ತಿಗಳಲ್ಲಿ ಸೇರಿಸಿ ಎಲ್ಲಿ ಸ್ಪೈಕ್‌ಗಳು ಕುಸಿಯುತ್ತವೆ ಎಂದು ನೋಡುವುದು. ಮೊದಲ ನಕ್ಷೆಗಿಂತ ಈ ಎರಡನೆಯದೇ ನನಗೆ ಹೆಚ್ಚು ಹೇಳುತ್ತದೆ.

ಇಷ್ಟಕ್ಕೇ ಕೋಶಕ್ಕೊಂದು ಹೆಸರಿಟ್ಟು ಮುಂದೆ ಹೋಗುವವರ ಜೊತೆ ನನಗೆ ಜಗಳವಿದೆ. ಎರಡು ಹತ್ತಿರದ ಆವೃತ್ತಿಗಳನ್ನು ಆರಿಸಿಕೊಂಡು, ಒಂದನ್ನು ನೂರಕ್ಕೆ 90 ಸಲ, ಇನ್ನೊಂದನ್ನು 10 ಸಲ ನುಡಿಸಿ ನೋಡಿ. ಬಳಿಕ ಪಾತ್ರಗಳನ್ನು ಅದಲುಬದಲು ಮಾಡಿ. ಹೊರಪದರದ ಹಲವು ಕೋಶಗಳು ಅದೇ ಸ್ವರ ಅಪರೂಪವಾಗಿ ಬಂದಾಗ ಜೋರಾಗಿ, ಪದೇಪದೇ ಬಂದಾಗ ಅಲ್ಪಸ್ವಲ್ಪ ಮಾತ್ರ ಉತ್ತರಿಸುತ್ತವೆ. ಕೇಂದ್ರ ಭಾಗದಲ್ಲಿ ಇದು ಅಷ್ಟು ಪ್ರಬಲವಲ್ಲ. ಕೋಶ ಸುಮ್ಮನೆ ದಣಿದಿದ್ದರೆ ಎರಡೂ ಸ್ವರಗಳಿಗೆ ಉತ್ತರ ತಗ್ಗಬೇಕಿತ್ತು. ತಗ್ಗುವುದು ಪುನರಾವರ್ತನೆಯಾದ ಸ್ವರಕ್ಕೆ ಮಾತ್ರ. 2005ರಲ್ಲಿ ಪೆರೆಸ್-ಗೊನ್ಸಾಲೆಸ್, ಮಾಲ್ಮಿಯೆರ್ಕಾ ಮತ್ತು ಕೋವಿ ದೊಡ್ಡ ಇಲಿಗಳಲ್ಲಿ (ರ‍್ಯಾಟ್) ಇಂಥ ಹೊಸತನ್ನು ಪತ್ತೆಹಚ್ಚುವ ಕೋಶಗಳನ್ನು ವಿವರಿಸಿದ್ದರು. ಶ್ರವಣ ತೊಗಟೆಯನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದರೂ ಈ ಗುಣ ಬಹುಮಟ್ಟಿಗೆ ಉಳಿಯುತ್ತದೆ ಎಂದು ನಂತರದ ಪ್ರಯೋಗಗಳು ತೋರಿಸಿದವು. ಅಂದರೆ ಅದು ಮೇಲಿನಿಂದ ಬಂದ ಅಪ್ಪಣೆಯಷ್ಟೇ ಅಲ್ಲ.

ಹೀಗಾಗಿ ನನ್ನ ದಾಖಲೆಯಲ್ಲಿ ಪ್ರತಿ ಕೋಶದ ವಿಶಿಷ್ಟ ಆವೃತ್ತಿಯ ಪಕ್ಕದಲ್ಲೇ ಆ ಸ್ವರ ಎಷ್ಟು ಅಂತರದಲ್ಲಿ, ಯಾವುದರ ನಂತರ ಬಂತು ಎಂಬುದನ್ನೂ ಬರೆದಿಡುತ್ತೇನೆ. ಅರಿವಳಿಕೆಯ ಹೆಸರು ಮತ್ತು ಇಲಿಯ ದೇಹದ ಉಷ್ಣತೆಯೂ ಅಲ್ಲೇ ಇರುತ್ತವೆ. ಮೈ ತಣ್ಣಗಾದರೆ ಮೊದಲ ಸ್ಪೈಕ್ ತಡವಾಗುತ್ತದೆ. ಅರಿವಳಿಕೆಯಲ್ಲಿ ಆರಂಭಕ್ಕೆ ಮಾತ್ರ ಮಿಡಿದು ನಿಲ್ಲುವ ಕೋಶ ಎಚ್ಚರದ ಪ್ರಾಣಿಯಲ್ಲಿ ಸ್ವರ ಮುಗಿಯುವವರೆಗೂ ಮಿಡಿಯಬಹುದು. ಈ ಸಾಲುಗಳಿಲ್ಲದ ದತ್ತಾಂಶವನ್ನು ಯಾರಾದರೂ ಹೋಲಿಕೆಗೆಂದು ಕಳುಹಿಸಿದರೆ, ಮೊದಲು ಅವನ್ನು ಕೇಳಿ ಪಡೆದ ಮೇಲೆಯೇ ನಕ್ಷೆಯನ್ನು ತೆರೆಯುತ್ತೇನೆ.